ರಿವರ್ಸ್ ಹಾಕಿದರೆ ಕಾಣುವ ಕಣ್ಣು

ಮಸಿ ಹಿಡಿದ ಗಾಜಿನ ವಾಸನೆ, ಬರೀ ಸೀಮೆಎಣ್ಣೆಯದ್ದೂ ಅಲ್ಲ, ಬರೀ ಬೂದಿಯದ್ದೂ ಅಲ್ಲ, ಎರಡೂ ಕೂಡಿದ್ದು — ಹೊತ್ತು ಮುಳುಗುವ ಮುಂಚೆ ಅಮ್ಮ ಲಾಟೀನಿನ ಗಾಜನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಬಟ್ಟೆ ತುರುಕಿ ತಿರುವುತ್ತಿದ್ದಾಗ ಬರುತ್ತಿದ್ದದ್ದು, ಅದಕ್ಕೆ ಇಲ್ಲೇನು ಕೆಲಸ, ಫಿನಾಯಿಲ್ ಹಾಕಿ ಒರೆಸಿದ ಈ ಕೋಣೆಯಲ್ಲಿ, ಆದರೂ ಬಂತು, ನರ್ಸ್ ಕಣ್ಣಿಗೆ ಬಿಟ್ಟ ಹನಿ ಉರಿಯುತ್ತಾ ಗಂಟಲಿನ ಹಿಂದೆಲ್ಲೋ ಕಹಿಯಾಗಿ ಇಳಿದದ್ದೇ ತಡ, ಹಿಂದೆಯೇ ಬಂತು. ಕಣ್ಣು ಮುಚ್ಚಿಕೊಂಡು ಕೂತಿರಿ, ಉಜ್ಜಬೇಡಿ, ಅಂದು ಆ ಹುಡುಗಿ ಹೋದಳು, ಹೋಗುವಾಗ ಫ್ಯಾನನ್ನು ಒಂದು ಸುತ್ತು ಕಡಿಮೆ ಮಾಡಿದಳು, ಹೇಳದೆಯೇ. ನೋಡೇ, ಗಾಜು ಇದೆಯೋ ಇಲ್ಲವೋ ಗೊತ್ತಾಗಬಾರದು, ಹಾಗೆ ಒರೆಸಬೇಕು, ಅನ್ನುತ್ತಿದ್ದಳು ಅಮ್ಮ, ಗಾಜನ್ನು ಬೆಳಕಿಗೆ ಹಿಡಿದು — ಅಂಥ ಅಮ್ಮನ ಪಾತ್ರೆಗಳಲ್ಲಿ ಆಮೇಲಾಮೇಲೆ ಮಸಿ ಉಳಿಯತೊಡಗಿತು, ಲೋಟದ ಅಂಚಿನಲ್ಲಿ, ಬಾಣಲೆಯ ಹಿಡಿಯಲ್ಲಿ, ಅವಳು ಆಚೆ ಹೋದಾಗ ಮಗಳು, ಇವಳು, ತಾನೇ ಇನ್ನೊಮ್ಮೆ ತೊಳೆದಿಡುತ್ತಿದ್ದಳು, ಇಬ್ಬರೂ ಅದರ ಮಾತೆತ್ತಲಿಲ್ಲ, ಒಂದು ದಿನ ಅಮ್ಮ ಗೂಟಕ್ಕೆ ತೂಗುಹಾಕಿದ್ದ ಮಳೆಕೋಟಿಗೆ, ಬನ್ನಿ ಭಾವ, ಬಾಗಿಲಲ್ಲೇ ಯಾಕೆ ನಿಂತ್ರಿ, ಕೂತ್ಕೊಳ್ಳಿ, ಅನ್ನುವವರೆಗೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಅಮ್ಮನೂ ನಕ್ಕಳು, ಎಲ್ಲರಿಗಿಂತ ಜೋರಾಗಿ, ಆಮೇಲೆ ಹಿತ್ತಲ ಕಡೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಈಗ ತನ್ನ ಸರದಿ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡ ವ್ಯಾನಿನ ಕೀಲಿ ತೊಡೆಗೆ ಒತ್ತುತ್ತಿದೆ, ಡಾಕ್ಟರಮ್ಮ ಪೊರೆ ಅಂದ ತಕ್ಷಣ ನೇರ ಆಫೀಸಿಗೆ ಹೋಗಿ ಮೇಜಿನ ಮೇಲಿಟ್ಟು ಬಂದುಬಿಡುವುದು, ಕಾರಣ ಕೇಳಿದರೆ ವಯಸ್ಸಾಯಿತು ಅಂದರಾಯಿತು, ಸುಳ್ಳೇನಲ್ಲ. ಆದರೆ ಆಮೇಲೆ? ಕಿಡ್ನಿ ಕಾಯಿಲೆಯವರನ್ನು ಬೆಳಿಗ್ಗೆ ಮನೆಯಿಂದ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಕರೆತರುವುದು, ರಕ್ತ ಶುದ್ಧಿ ಆಗಿ ಹಿಂಡಿದ ಬಟ್ಟೆಯಂತಾದವರನ್ನು ಮತ್ತೆ ಮನೆ ಮುಟ್ಟಿಸುವುದು, ಇಷ್ಟೇ ಕೆಲಸ, ಇದರಲ್ಲೇ ಇಷ್ಟು ವರ್ಷ ಹೋಯಿತು, ಹೆಸರು ಹೋಗಿ ವ್ಯಾನಕ್ಕ ಎಂದೇ ಆಯಿತು, ವ್ಯಾನ್ ಹೋದ ಮೇಲೆ ಬರೀ ಅಕ್ಕ ಉಳಿಯುತ್ತಾಳೇನೋ. ಗಾಡಿ ಓಡಿಸುವುದು ಕಾಲು, ಕೈ. ಆದರೆ ಕೆಲಸವೆಂದರೆ ನಿಜವಾಗಿ ಆ ತಲೆಯ ಮೇಲಿನ ಕನ್ನಡಿ, ಹಿಂದಿನ ಸೀಟಿನಲ್ಲಿ ಯಾರ ಮುಖ ಬಿಳಿಚಿತು, ಯಾರ ತುಟಿ ಒಣಗಿತು, ಯಾರು ನಿದ್ದೆ ಹೋದರು ಯಾರು ಎಚ್ಚರ ತಪ್ಪಿದರು, ಎರಡಕ್ಕೂ ಇರುವ ಕೂದಲೆಳೆಯ ಫರಕು, ಅದನ್ನೆಲ್ಲ ಕನ್ನಡಿಯಲ್ಲೇ ಓದಬೇಕು, ಓದಿ ಗಾಡಿಯನ್ನು ಬದಿಗೆ ಹಾಕಬೇಕು. ಆ ಕನ್ನಡಿಯೇ ಮಬ್ಬಾಗತೊಡಗಿತ್ತು. ಮೊದಮೊದಲು ಮೋಡ ಅಂದುಕೊಂಡಳು, ಆಮೇಲೆ ನಿದ್ದೆ ಸಾಲದ್ದು ಅಂದುಕೊಂಡಳು, ಹಾಡುಹಗಲಿನಲ್ಲಿ ನೀಲಿಗಪ್ಪು ನೀರಿನಲ್ಲಿ ಮುಳುಗಿದ ಹಾಗೆ ಮುಖಗಳು, ಎಲ್ಲರೂ ಒಂದೇ ಬಣ್ಣ, ಹೋದ ವಾರ ವ್ಯಾಕರಣದ ಮೇಷ್ಟ್ರು ತಲೆ ವಾಲಿಸಿದಾಗ ನಿದ್ದೆ ಅಂತಲೇ ತಿಳಿದಳು, ಹಿಂದೆ ಕೂತಿದ್ದ ಆಯಾ, ರೋಗಿಗಳನ್ನು ಹತ್ತಿಸಿ ಇಳಿಸುವವಳು, ಎಲ್ಲರ ಬಾಯಲ್ಲೂ ರೇಡಿಯೋ, ಕಿರುಚಿದಳು, ಅಕ್ಕಾ ನಿಲ್ಸು ನಿಲ್ಸು ಮೇಷ್ಟ್ರ ಕೈ ಮಂಜುಗಡ್ಡೆ ಆಗೈತೆ — ಮೇಷ್ಟ್ರು ಉಳಿದರು, ಕಾಲೆತ್ತಿ ಮಲಗಿಸಿದ ಮೇಲೆ ಕಣ್ಣು ಬಿಟ್ಟು, ಯಾರಮ್ಮ ಅದು, ನಾನೇನು ಮಂಜುಗಡ್ಡೆಯಲ್ಲ, ಹೋಲಿಕೆಯ ಅರ್ಥದಲ್ಲಿ ಮಂಜುಗಡ್ಡೆಯಂತೆ ಅನ್ನಬೇಕು, ಅಂದರು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಆಗ ಅಮ್ಮ ನೆನಪಾದಳು, ನಕ್ಕು ಹಿತ್ತಲಿಗೆ ಹೋದವಳು.

ಕನ್ನಡಿಯನ್ನು ಒರೆಸಿರಲಿಲ್ಲವೇ, ದಿನಾ ಒರೆಸಿದಳು, ಉಸಿರು ಹಾಕಿ ಒರೆಸಿದಳು, ಗಾಜು ಗಾಜಾಗಿಯೇ ಇತ್ತು. ಕನ್ನಡಿಯದ್ದೇ ತಪ್ಪಿರಬಹುದು ಎಂದು ಒಂದು ಸಲ ಮನಸ್ಸು ಮೆಲ್ಲಗೆ ಅಂದಿತ್ತು, ಆದರೆ ಅಮ್ಮ ಬಿಡಬೇಕಲ್ಲ, ಕುಣಿಯೋಕೆ ಬಾರದವಳು ಅಂಗಳ ಡೊಂಕು ಅಂದಳಂತೆ, ರೊಟ್ಟಿ ಸೀದರೆ ಒಲೆಯ ತಪ್ಪಲ್ಲ, ಲೆಕ್ಕ ತಪ್ಪಿದರೆ ಸ್ಲೇಟಿನ ತಪ್ಪಲ್ಲ, ಹುಟ್ಟಿದಾಗಿನಿಂದ ಕೇಳಿದ ಗಾದೆ ರಕ್ತಕ್ಕೇ ಇಳಿದಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಒಂದೊಂದೇ ಕಣ್ಣು ಮುಚ್ಚಿ ಮುಂದಿನ ಗಾಡಿಯ ನಂಬರು ಓದುತ್ತಿದ್ದಳು, ಎಲ್ಲ ಕಾಣುತ್ತಿತ್ತು, ದೂರದ ಅಂಗಡಿಯ ಬೋರ್ಡಿನಲ್ಲಿ ಬಿಟ್ಟುಹೋದ ಒತ್ತಕ್ಷರವೂ ಕಾಣುತ್ತಿತ್ತು — ಮುಂದಿನದೆಲ್ಲ ಕಾಣುತ್ತದೆ, ಹಿಂದಿನದು ಮಾತ್ರ ಕಾಣುವುದಿಲ್ಲ, ಇದೆಂಥ ಕಾಯಿಲೆ, ಯಾರ ಹತ್ತಿರ ಹೇಳಿಕೊಳ್ಳುವುದು. ಅದಕ್ಕಿಂತ ವಿಚಿತ್ರ ಇನ್ನೊಂದು, ಗಾಡಿಯನ್ನು ರಿವರ್ಸಿಗೆ ಹಾಕಿದರೆ ಸಾಕು, ಮಬ್ಬು ಹರಿದು ಕನ್ನಡಿ ತಿಳಿಯಾಗುತ್ತಿತ್ತು, ಮೇಷ್ಟ್ರ ಕಿವಿಯ ಕೂದಲೂ ಕಾಣುತ್ತಿತ್ತು, ಮುಂದಕ್ಕೆ ಹೊರಟರೆ ಮತ್ತೆ ಕತ್ತಲು. ಹಿಂದಕ್ಕೆ ಹೋದರೆ ಕಣ್ಣು ಬರುತ್ತದೆ ಅಂದರೆ ಯಾರಾದರೂ ತಲೆ ಕೆಟ್ಟಿದೆ ಅನ್ನರೇ, ಹಿಂದಕ್ಕೇ ಹೋಗುತ್ತಿದ್ದರೆ ಮೊಣಕಾಲು ನೋವೂ ಹೋಗಿ ಜಡೆಯೂ ಬರಬಹುದು.

ಗಲ್ಲ ಇಲ್ಲಿ ಇಡಿ, ಹಣೆ ಅಲ್ಲಿ ಒತ್ತಿ, ಅನ್ನುತ್ತಿದ್ದಾಳೆ ಡಾಕ್ಟರಮ್ಮ, ಯಾವಾಗ ಕರೆದರೋ, ಯಾವಾಗ ಎದ್ದು ಬಂದಳೋ, ಕಣ್ಣೊಳಗೆ ಬೆಳಕಿನ ಸೂಜಿ, ಮೇಲೆ ನೋಡಿ, ಕೆಳಗೆ ನೋಡಿ, ಆ ಹುಡುಗಿಯ ಉಸಿರು ಇಷ್ಟು ಹತ್ತಿರ, ಮಗಳ ವಯಸ್ಸಿನವಳು, ಈಗ ಹೇಳುತ್ತಾಳೆ, ಈಗ — ಪೊರೆ ಇದೆ. ಹೂಂ. ಗಂಟು ಬಿಚ್ಚಲು ಕೈ ಸೆರಗಿಗೆ ಹೋಯಿತು. ಆದ್ರೆ ತೀರಾ ಸಣ್ಣದು ಅಮ್ಮ, ವಯಸ್ಸಿಗೆ ತಕ್ಕ ಹಾಗೆ, ಇನ್ನೂ ಎಷ್ಟೋ ವರ್ಷ ಅದರ ಪಾಡಿಗೆ ಅದಿರುತ್ತೆ, ನೀವು ಹೇಳೋ ಕತ್ತಲೆಗೂ ಇದಕ್ಕೂ ಸಂಬಂಧ ಇಲ್ಲ, ಎಲ್ಲೆಲ್ಲಿ ಮಬ್ಬು ಕಾಣುತ್ತೆ, ಮನೇಲೂನಾ? ಮನೇಲಿ ಇಲ್ಲಮ್ಮ. ಬೀದೀಲಿ? ಇಲ್ಲ. ಗಾಡಿಯ ಪಕ್ಕದ ಕನ್ನಡಿಗಳಲ್ಲಿ? ಅವು ಚೆನ್ನಾಗಿವೆ, ಬಿಸಿಲಲ್ಲಿ ಇರ್ತವಲ್ಲ ಅದಕ್ಕೇ ಅಂದ್ಕೊಂಡೆ. ಮತ್ತೆ? ಹೇಳಬಾರದೆಂದುಕೊಂಡದ್ದು ಬಾಯಿಂದ ಜಾರಿಯೇ ಹೋಯಿತು, ತಲೆ ಮೇಲಿನ ಕನ್ನಡೀಲಿ ಮಾತ್ರ, ರಿವರ್ಸ್ ಹಾಕಿದ್ರೆ ಅದೂ ಕಾಣುತ್ತೆ ಡಾಕ್ಟರಮ್ಮ. ಡಾಕ್ಟರಮ್ಮ ಯಂತ್ರದ ದೀಪ ಆರಿಸಿದಳು, ನಗಬಾರದೆಂದು ತುಟಿ ಕಚ್ಚಿಕೊಂಡದ್ದು, ಹನಿಗೆ ಪಾಪೆ ಹಿಗ್ಗಿ ಹತ್ತಿರದ್ದೆಲ್ಲ ಮಸುಕಾದ ಈ ಕಣ್ಣಿಗೂ ಕಂಡಿತು. ಅಮ್ಮ, ಕಣ್ಣಿಗೆ ಗೇರ್ ಇರಲ್ಲ. ನಮ್ಮಪ್ಪನ ಕಾರಲ್ಲೂ ಇಂಥ ಕನ್ನಡಿ ಇದೆ, ರಾತ್ರಿ ಹಿಂದಿನ ಗಾಡಿ ಲೈಟು ಕಣ್ಣಿಗೆ ಹೊಡೀಬಾರದು ಅಂತ ತಾನೇ ಕಪ್ಪಾಗುತ್ತೆ, ಅದಕ್ಕೆ ಎರಡು ಪುಟ್ಟ ಕಣ್ಣಿರುತ್ತೆ, ಒಂದು ಮುಂದೆ ನೋಡಿ ಹೊರಗೆ ಹಗಲೋ ರಾತ್ರಿಯೋ ಅಂತ ತಿಳ್ಕೊಳ್ಳುತ್ತೆ, ಇನ್ನೊಂದು ಹಿಂದಿನ ಬೆಳಕು ನೋಡುತ್ತೆ, ರಿವರ್ಸ್ ಹಾಕಿದ್ರೆ ಕಪ್ಪು ಬಿಟ್ಟುಕೊಡುತ್ತೆ, ನಿಮಗೆ ದಾರಿ ಕಾಣ್ಲಿ ಅಂತ. ಮುಂದಿನ ಕಣ್ಣಿಗೆ ಏನೋ ಅಡ್ಡ ಬಂದಿದೆ ನೋಡಿ, ಪಾಪ ಅದು ಹಾಡುಹಗಲೇ ರಾತ್ರಿ ಅಂದ್ಕೊಂಡು ಕೂತಿದೆ.

ಮೆಟ್ಟಿಲು ಇಳಿಯುತ್ತಿದ್ದಾಳೆ, ರೇಡಿಯೋ ಕೈ ಹಿಡಿದುಕೊಂಡಿದ್ದಾಳೆ, ಹೊರಗಿನ ಬಿಸಿಲು ಬಿಳಿಯ ಬಟ್ಟೆ ಕೊಡವಿದಂತೆ ಮುಖಕ್ಕೆ ಹೊಡೆಯುತ್ತದೆ, ಅವಳ ಬಾಯಿಗೆ ಬೀಗವಿಲ್ಲ, ಅಕ್ಕಾ ಇಲ್ಲೊಂದು ಮೆಟ್ಟಿಲು, ಅಕ್ಕಾ ಇಲ್ಲಿ ಇಲ್ಲ, ಇದೆ ಅಂದ್ಕೊಂಡು ಕಾಲು ಎತ್ತಬೇಡ, ಡಾಕ್ಟರು ಏನಂದ್ರು, ಯಾಕ್ ನಗ್ತೀಯ, ಬೆಳಿಗ್ಗೆಯಿಂದ ಒಂದು ತುತ್ತು ಒಳಗೆ ಹಾಕಿಲ್ಲ, ನಗು ಬೇರೆ. ನಗುತ್ತಿದ್ದೇನೆಯೇ ಅಂದುಕೊಂಡಳು ಇವಳು, ಇರಬಹುದು, ಹೊಟ್ಟೆಯೊಳಗಿಂದ ಗುಳ್ಳೆ ಗುಳ್ಳೆಯಾಗಿ ಏನೋ ಏಳುತ್ತಿತ್ತು. ಹಳೆಯ ವ್ಯಾನಿನ ಕನ್ನಡಿಗೆ ಕೆಳಗೊಂದು ಪುಟ್ಟ ಹಿಡಿ ಇತ್ತು, ರಾತ್ರಿ ಬೇಕಾದರೆ ಕೈಯಿಂದಲೇ ಮಡಿಸುವುದು, ಇದು ಯಾರೋ ಉಳ್ಳವರು ದಾನ ಕೊಟ್ಟ ಗಾಡಿ, ಕೀಲಿ ಕೊಟ್ಟರು, ಕೈ ಮುಗಿದರು, ಕನ್ನಡಿ ತಾನೇ ಕಣ್ಣು ಮಿಟುಕಿಸುತ್ತದೆ ಎಂದು ಯಾರು ಹೇಳಿದರು. ವ್ಯಾನ್ ಹತ್ತಿ ಕೀಲಿ ತಿರುಗಿಸಿದಳು, ಓಡಿಸಲು ಅಲ್ಲ, ಸಂಜೆಯವರೆಗೆ ಓಡಿಸಕೂಡದೆಂದು ಅಪ್ಪಣೆಯಾಗಿದೆ, ಬರೀ ಕರೆಂಟು ಬರಲೆಂದು, ಕನ್ನಡಿ ನಿಧಾನಕ್ಕೆ ನೀಲಿಗೆ ತಿರುಗಿ ಕಪ್ಪಾಯಿತು, ರಕ್ತ ಶುದ್ಧಿ ಮುಗಿಸಿಕೊಂಡು ಹಿಂದೆ ಕೂತಿದ್ದ ಮೇಷ್ಟ್ರು ಆ ನೀರಿನಲ್ಲಿ ಮುಳುಗಿದರು. ನೋಡೇ, ಕನ್ನಡಿ ಬೆನ್ನಿಗೆ ಹಗಲು ರಾತ್ರಿ ನೋಡೋ ಪುಟ್ಟ ಕಣ್ಣಿದೆಯಂತೆ, ಅದಕ್ಕೆ ಏನಾದ್ರೂ ಅಡ್ಡ ಇದೆಯಾ, ನನ್ನ ಕಣ್ಣಿಗೆ ಹತ್ತಿರದ್ದು ಏನೂ ತಿಳೀತಿಲ್ಲ, ಅಂದಳು ಇವಳು.

ರೇಡಿಯೋ ಬಗ್ಗಿ ನೋಡಿದಳು, ಮಾತು ನಿಂತಿತು. ಸುಮ್ಮನಾದ ರೇಡಿಯೋವನ್ನು ಇವಳು ಕಂಡದ್ದೇ ಇಲ್ಲ, ಏನೇ, ಹಾವಾ ಚೇಳಾ? ಅಲ್ಲಕ್ಕ, ಅಂದಿತು ಸಣ್ಣ ದನಿ, ಸ್ಪಂಜು. ಎಂಥ ಸ್ಪಂಜು? ನಾನೇ ಇಟ್ಟಿದ್ದು. ರಸ್ತೆ ಉಬ್ಬು ಬಂದಾಗೆಲ್ಲ ಕನ್ನಡಿ ತಲೆ ಆಡಿಸುತ್ತೆ ಅಂತ ಗೊಣಗ್ತಿದ್ದೆಯಲ್ಲ, ಅಲುಗಾಡದೆ ಇರ್ಲಿ ಅಂತ ಮುಂದಿನ ಗಾಜಿಗೂ ಕನ್ನಡಿಗೂ ಮಧ್ಯೆ ತುರುಕಿದ್ದೆ, ನೀನು ಬರೋಕೆ ಮುಂಚೆ, ಕೇಳಿದ್ರೆ ಬೇಡ ಅಂತೀಯ ಅಂತ. ಅಯ್ಯೋ ಅಕ್ಕಾ, ನಾನೇ ಅದರ ಕಣ್ಣು ಕಟ್ಟಿಬಿಟ್ನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕನ್ನಡಿ ಅಲುಗಾಡುವುದು ನಿಂತಿತ್ತಲ್ಲವೇ, ಹೌದು, ನಿಂತಿತ್ತು, ಇವಳು ಅದನ್ನು ಗಮನಿಸಿಯೂ ಇರಲಿಲ್ಲ, ನಿಂತದ್ದಕ್ಕೆ ಯಾರಿಗೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ, ನೋವು ಹೋದ ಹಲ್ಲನ್ನು ಯಾರು ನೆನೆಯುತ್ತಾರೆ. ತೆಗೀ ಅದನ್ನ, ಅಂದಳು. ತೆಗೆದಳು. ಕನ್ನಡಿ ಒಂದು ಕ್ಷಣ ಯೋಚಿಸಿತು, ಆಮೇಲೆ ಅಂಚಿನಿಂದ ನಡುವಿಗೆ ಕಪ್ಪು ಕರಗಿತು, ಸೀಟಿನ ಹಳದಿ ಬಂತು, ಕಿಟಕಿಯ ಆಚೆಯ ಗೋಡೆ ಬಂತು, ಗೋಡೆಯ ಮೇಲಿನ ಬೆಕ್ಕು ಬಂತು, ಮೇಷ್ಟ್ರ ಕೆನ್ನೆಗೆ ರಕ್ತದ ಬಣ್ಣ ಬಂತು, ಅವರ ಎರಡು ಕಣ್ಣು ನೇರ ಇವಳ ಕಣ್ಣಿಗೇ ಸಿಕ್ಕವು. ಏನು ಸಾರಥಿ, ಗ್ರಹಣ ಬಿಟ್ಟಿತೋ? ಬಿಟ್ಟಿತು ಮೇಷ್ಟ್ರೇ, ನನಗಲ್ಲ ಪೊರೆ ಬಂದದ್ದು, ಕನ್ನಡಿಗೆ. ಮೇಷ್ಟ್ರು ಸೀಟಿಗೊರಗಿದ್ದವರು ನೆಟ್ಟಗೆ ಕೂತರು, ಪಾಠ ಬಂತು ಅಂತಲೇ ಅರ್ಥ. ಪೊರೆ ಅಂದ್ರೆ ಬರೀ ಕಣ್ಣಿನ ಪೊರೆಯಲ್ಲ ಕಣಮ್ಮ, ಪೊರೆ ಅಂದ್ರೆ ಕಾಪಾಡು ಅಂತಲೂ ಆಗುತ್ತೆ, ನಾಮಪದವೂ ಅದೇ ಕ್ರಿಯಾಪದವೂ ಅದೇ, ಪಾಪ ಕನ್ನಡಿ ತಾನು ಪೊರೆ ಹೊದ್ದು ನಿನ್ನ ಕಣ್ಣನ್ನ ಪೊರೆಯೋಕೆ ಹೊರಟಿತ್ತು, ಹೊತ್ತು ತಪ್ಪಿತು ಅಷ್ಟೇ. ನಮ್ಮ ರೇಡಿಯೋ ಮಾಡಿದ್ದೂ ಅದೇ, ಬೈಬೇಡ.

ಬೈಯುವುದೇ, ಬೈಯಲು ಬಾಯಿ ಎಲ್ಲಿದೆ, ಬಾಯಿ ತುಂಬ ನಗು, ಕಣ್ಣ ತುಂಬ ನೀರು, ಹನಿಯದ್ದೋ ತನ್ನದೋ, ಅಮ್ಮಾ, ಕೇಳಿಸಿತೇನೇ, ಒಂದೊಂದು ಸಲ ಅಂಗಳವೂ ಡೊಂಕಿರುತ್ತದೆ, ನಿಜವಾಗಿಯೂ ಡೊಂಕು, ಒಮ್ಮೆ ಬಗ್ಗಿ ನೋಡಬೇಕು ಅಷ್ಟೆ, ಒಬ್ಬಳೇ ಹಿತ್ತಲಿಗೆ ಹೋಗಬಾರದು, ಯಾರನ್ನಾದರೂ ಕರೆದು ನೋಡೇ ಅನ್ನಬೇಕು — ಮೈಯೆಲ್ಲ ಹಗುರ, ವಾರಗಟ್ಟಲೆ ಬಿಗಿಹಿಡಿದಿದ್ದ ಹೆಗಲು ತಾನೇ ಕೆಳಗಿಳಿಯಿತು, ನಾಳೆ ಬೆಳಿಗ್ಗೆ ತಾನೇ ಇವರನ್ನೆಲ್ಲ ಕರೆತರುತ್ತಾಳೆ, ನಾಡಿದ್ದು ಕೂಡ, ಮನೆಗೆ ಬಿಡಲು ಆಂಬುಲೆನ್ಸಿನ ಡ್ರೈವರ್ ಈಗ ಬರುತ್ತಾನಂತೆ, ಬರಲಿ, ನಿಧಾನಕ್ಕೇ ಬರಲಿ, ಕನ್ನಡಿಯಲ್ಲಿ ಗೋಡೆಯ ಬೆಕ್ಕು ಮೈ ಮುರಿಯುತ್ತಿದೆ, ಮೇಷ್ಟ್ರು ಕಣ್ಣು ಮುಚ್ಚಿದ್ದಾರೆ, ನಿದ್ದೆ, ಇದು ನಿದ್ದೆಯೇ, ತುಟಿಯಲ್ಲಿ ಬಣ್ಣವಿದೆ, ಎದೆ ಏರಿಳಿಯುತ್ತಿದೆ, ಎಷ್ಟು ಚೆನ್ನಾಗಿ ಕಾಣುತ್ತಿದೆ, ಮೇಷ್ಟ್ರ ಮುಖ, ಅದೇ ಮುಖ, ಅದರ ಪಕ್ಕಕ್ಕೆ ಕನ್ನಡಿಯೊಳಗೆ ಇನ್ನೊಂದು ಮುಖ ಬಂತು, ತಗ್ಗಿದ್ದು, ಏನೋ ಮಾಡುತ್ತಿದೆ, ಮುಚ್ಚಳ ತೆರೆದ ಸದ್ದು, ಬಿಸಿ ಊಟದ ವಾಸನೆ. ಸೀಟಿನ ಸಂದಿಯಿಂದ ಒಂದು ಕೈ ಮುಂದೆ ಬಂತು. ಡಬ್ಬಿ. ಹತ್ತಿರದ್ದು ಮಸುಕು, ಯಾವುದು ಏನೆಂದು ತಿಳಿಯುತ್ತಿಲ್ಲ, ತಿಳಿಯುವ ಅಗತ್ಯವೂ ಬೀಳಲಿಲ್ಲ, ರೇಡಿಯೋ ಎಲ್ಲ ಕಲಸಿಯೇ ಇಟ್ಟಿದ್ದಳು, ಚಮಚದ ಹಿಡಿಯನ್ನು ಇವಳ ಬೆರಳಿಗೆ ತಾಗುವಂತೆ ತಿರುಗಿಸಿದ್ದಳು. ಬಿಸಿ ಡಬ್ಬಿ ಹಿಡಿದ ಆ ಕೈ, ಇವಳು ತೆಗೆದುಕೊಳ್ಳುವವರೆಗೂ, ಹಾಗೆಯೇ.