ಒಂದು ದಿನದ ಮಟ್ಟಿಗೆ

"ಎಡಕ್ಕೆ ತಿರುಗಿಸಿ, ಇನ್ನೂ ಸ್ವಲ್ಪ ಎಡಕ್ಕೆ," ಎಂದು ಮೂಲೆ ಅಂಗಡಿಯ ಟೈಲರ್ ಕೂಗಿದ. ಶವ ಮಲಗಿಸಿದ್ದ ಬೆಂಚನ್ನು ನಾಲ್ವರು ಸೇರಿ ಕೋಣೆಯಿಂದ ನಡುಮನೆಗೆ ತರುತ್ತಿದ್ದರು. ಬೆಂಚಿನ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. "ನೋಡಿ, ಸತ್ತ ಮೇಲೂ ಎಡಕ್ಕೆ ತಿರುಗಲ್ಲ ಅಂತಾರೆ ಪುಣ್ಯಾತ್ಮ!" ಎಂದವನು ನಗಲು ಹೋಗಿ, ಆಗದೆ, ಕೊರಳಲ್ಲಿದ್ದ ಅಳತೆ ಟೇಪಿನಿಂದಲೇ ಕಣ್ಣೊರೆಸಿಕೊಂಡ.

ಸತ್ತವರ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಕಣ್ಣು ಗೇಟಿನ ಮೇಲೆ. ಶವ ಒಯ್ಯುವ ವ್ಯಾನು ಬರುವುದು ನಾಲ್ಕಕ್ಕೆ. ಮಗ ಏಳು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇವತ್ತಾದರೂ ಬರುತ್ತಾನೋ ಇಲ್ಲವೋ.

ಸತ್ತವರಿಗೆ ಬೀದಿಯಲ್ಲಿ 'ಕಾನೂನು' ಎಂದೇ ಅಡ್ಡಹೆಸರು. ಯುದ್ಧದ ಕಾಲದಲ್ಲಿ ಸೆರೆಯಾದವರ ವಿಚಾರಣೆ ನಡೆಯುವ ಶಿಬಿರದಲ್ಲಿ ಅವರು ಹೇಳಿಕೆ ಬರೆದುಕೊಳ್ಳುವವರಾಗಿದ್ದರು. ಪ್ರಶ್ನೆ ಒಂದು ಕಡೆ, ಉತ್ತರ ಒಂದು ಕಡೆ, ಮುತ್ತಿನಂಥ ಅಕ್ಷರ. ಆಮೇಲೆ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಚುನಾವಣೆ ಬಂತೆಂದರೆ ಅವರ ಬಾಯಿಗೆ ಬೀಗವಿರಲಿಲ್ಲ. ಓಟು ಹಾಕುವ ಹಕ್ಕಿರುವಾಗ ರಸ್ತೆಯಲ್ಲಿ ಕಿರುಚುವುದೇಕೆ, ದಾರಿ ತಡೆಯುವವರನ್ನು ಒಳಗೆ ಹಾಕಿ ಎಂದು ಪತ್ರಿಕೆಗಳಿಗೆ ಬರೆದದ್ದೇ ಬರೆದದ್ದು.

"ಒಂದ್ಸಲ ನನ್ನ ಕೇಳಿದ್ರು," ಟೈಲರ್ ಪಕ್ಕದವರಿಗೆ ಹೇಳುತ್ತಿದ್ದ. "ಬಾಂಬ್ ಎಲ್ಲಿಟ್ಟಿದಾನೆ ಅಂತ ಶತ್ರು ಬಾಯಿ ಬಿಡಿಸ್ದೆ ಇದ್ರೆ, ನಾಳೆ ಸಾಯೋ ಸ್ಕೂಲ್ ಮಕ್ಕಳಿಗೆ ನೀನೇನು ಹೇಳ್ತೀಯ ಅಂತ. ಅದೇ ಯೋಚ್ನೇಲಿ ಒಬ್ಬರ ಪ್ಯಾಂಟು ಗಿಡ್ಡ ಹೊಲಿದುಬಿಟ್ಟೆ."

"ಏನೇ ಹೇಳಿ, ಹೆತ್ತ ಮಗನ್ನೇ ಹಿಡಿದುಕೊಟ್ರಲ್ಲ," ಎಂದಳು ಎದುರುಮನೆಯಾಕೆ, ಮೆಲ್ಲಗೆ.

ಹೆಂಡತಿಗೆ ಕೇಳಿಸಿತು. ಅವಳು ಗೇಟಿನಿಂದ ಕಣ್ಣು ತೆಗೆಯಲಿಲ್ಲ.

*

ಏಳು ವರ್ಷದ ಹಿಂದೆ, ಚುನಾವಣೆಯ ತಿಂಗಳು. ಪಕ್ಕದ ಊರಿನ ಮೆರವಣಿಗೆಯಲ್ಲಿ ಗುಂಡು ಹಾರಿ ಇಬ್ಬರು ಹುಡುಗರು ಸತ್ತಿದ್ದರು. ಮರುದಿನ ಇಲ್ಲಿ ಮೆರವಣಿಗೆ. ಮಗ ಅಂಗಳದಲ್ಲಿ ಕೂತು ಫಲಕಗಳಿಗೆ ಬಣ್ಣ ಬಳಿಯುತ್ತಿದ್ದ. ಅವಳು ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಠಾಣೇಲಿ ನಿಮ್ಮ ಸ್ನೇಹಿತ ಇದಾನಲ್ಲ, ಅವನಿಗೆ ಹೇಳಿ. ಒಂದು ದಿನದ ಮಟ್ಟಿಗೆ ಕೂರಿಸ್ಕೊಳ್ಳಲಿ. ಎಲ್ಲಾ ಮುಗಿದ ಮೇಲೆ ಬಿಡಲಿ."

"ಬೇಡ ಕಣೇ. ಬೆಳೆದ ಮಗ. ತಪ್ಪು ಮಾಡಿದ್ರೂ ಅದು ಅವನ ತಪ್ಪು."

"ನಾಳೆ ಅವನ ಹೆಣ ಬಂದ್ರೆ ನಿಮ್ಮ ಕಾನೂನು ಬಂದು ಅಳುತ್ತಾ?"

"ಠಾಣೇಲಿ ಏನಾಗುತ್ತೆ? ಕುರ್ಚಿ ಕೊಡ್ತಾರೆ, ನಾಲ್ಕು ಪ್ರಶ್ನೆ ಕೇಳ್ತಾರೆ," ಎಂದು ಅವರು ತಮಗೇ ಹೇಳಿಕೊಂಡರು. ಅವರು ಕಂಡಿದ್ದೂ ಅಷ್ಟೇ. ಶಿಬಿರದಲ್ಲಿ ಉತ್ತರ ಬಾರದಿದ್ದಾಗ ಅಧಿಕಾರಿ "ನೀವು ಹೋಗಿ ಟೀ ಕುಡಿದು ಬನ್ನಿ" ಎನ್ನುತ್ತಿದ್ದ. ಇವರು ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧವಿರುತ್ತಿತ್ತು. ನಡುವೆ ಏನಾಯಿತೆಂದು ಇವರು ಒಂದು ದಿನವೂ ಕೇಳಿದವರಲ್ಲ.

ಕೊನೆಗೆ ಹೋಗಿ ಸ್ನೇಹಿತನಿಗೆ ಹೇಳಿ ಬಂದರು, ರಾತ್ರಿ ಪೊಲೀಸರು ಮಗನನ್ನು ಕರೆದೊಯ್ದರು. ಆದರೆ ಸ್ನೇಹಿತನಿಗೆ ಅವತ್ತೇ ಬೇರೆ ಕಡೆ ಚುನಾವಣೆ ಡ್ಯೂಟಿ ಬಿತ್ತು. ಠಾಣೆಯಲ್ಲಿ ಉಳಿದವರಿಗೆ ಮೆರವಣಿಗೆಯವರ ಹೆಸರುಗಳು ಬೇಕಿದ್ದವು. ಮಗ ಮನೆಗೆ ಬಂದದ್ದು ಮೂರನೆಯ ದಿನ. ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ.

"ಯಾರು ಹೇಳಿದ್ದು?" ಎಂದು ಕೇಳಿದ.

ಅವಳು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು. "ನಾನೇ. ಮತ್ತೆ ಹೋದ್ರೆ ಮತ್ತೆ ಹೇಳ್ತೀನಿ."

ಮಗ ಉಟ್ಟ ಬಟ್ಟೆಯಲ್ಲೇ ಹೊರಟುಹೋದ. ಅವಳು ಅವನ ಹಿಂದೆ ಓಡಹೋದಾಗ ಗಂಡ ತೋಳು ಹಿಡಿದು ನಿಲ್ಲಿಸಿದರು. "ಬಿಡು. ಅವನಿಗೆ ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಬೇಕಲ್ಲ."

ಆಮೇಲೂ ಅವರು ಪತ್ರಿಕೆಗಳಿಗೆ ಬರೆದರು. ರಸ್ತೆ ತಡೆಯ ಬಗ್ಗೆ ಬರೆದರು, ಘೋಷಣೆಗಳ ಬಗ್ಗೆ ಬರೆದರು. ವಿಚಾರಣೆಯ ಬಗ್ಗೆ ಮಾತ್ರ ಒಂದಕ್ಷರ ಬರೆಯಲಿಲ್ಲ. ಅದನ್ನು ಗಮನಿಸಿದವಳು ಅವಳೊಬ್ಬಳೇ.

*

ಮೂರೂವರೆಗೆ ಮಗ ಬಂದ. ಗೇಟಿನ ಹೊರಗೇ ನಿಂತ. ಅವಳು ಎದ್ದು ಹೋಗಿ ಅವನ ಕೈ ಹಿಡಿದುಕೊಂಡಳು.

"ಒಳಗೆ ಬರಲ್ಲಮ್ಮ. ನಿನಗೋಸ್ಕರ ಬಂದೆ, ಅವರಿಗಲ್ಲ. ವ್ಯಾನ್ ಹೋದ ಮೇಲೆ ನನ್ನ ಜೊತೆ ಹೊರಡು. ನಿನಗೆ ಅಂತ ಕೋಣೆ ಸುಣ್ಣ ಬಳಿಸಿಟ್ಟಿದೀನಿ, ಬಿಸಿಲು ಚೆನ್ನಾಗಿ ಬರುತ್ತೆ."

ಅವಳು ಸುಮ್ಮನಿದ್ದುಬಿಡಬಹುದಿತ್ತು. ನಿಜ ಗೊತ್ತಿದ್ದ ಇನ್ನೊಬ್ಬರು ಬೆಂಚಿನ ಮೇಲೆ ಮಲಗಿದ್ದರು. ಆದರೆ ಅವರು ಹೀಗೆ, ಮಗನ ಮುಖ ಕಾಣದೆ, ಮಾಡದ ತಪ್ಪು ಹೊತ್ತುಕೊಂಡೇ ಹೋಗುವುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅವರು ಬೇಡ ಅಂದ್ರು ಕಂದಾ. ಹೇಳಿಸಿದ್ದು ನಾನು. ನಿನ್ನ ಜೀವ ಉಳೀಲಿ ಅಂತ ನಾನೇ ಹಟ ಹಿಡಿದೆ."

ಮಗ ಅವಳನ್ನೇ ನೋಡಿದ. "ಮತ್ತೆ ಅಪ್ಪ ಯಾಕೆ..."

"ನಿನಗೆ ಒಬ್ಬರಾದ್ರೂ ಬೇಕಲ್ಲ ಅಂದ್ರು."

ಅವನು ಕೈ ಬಿಡಿಸಿಕೊಂಡ. ಗೇಟು ದಾಟಿ ಒಳಗೆ ಹೋದ. ಕ್ಷಣದ ಮೇಲೆ ಒಳಗಿನಿಂದ "ಅಪ್ಪಾ" ಎಂಬ ಕೂಗು ಕೇಳಿತು. ಟೈಲರ್ ಕೂಡ ಮುಖ ಮುಚ್ಚಿಕೊಂಡು ಹೊರಗೆ ಬಂದ.

ವ್ಯಾನು ಬಂದಾಗ ತಲೆಯ ಕಡೆ ಹೆಗಲು ಕೊಟ್ಟವನು ಮಗನೇ. ಬೆರಳು ಮಡಚದ ಕೈಯಲ್ಲಿ ಹಿಡಿತ ಸಿಗದೆ ಮಣಿಕಟ್ಟನ್ನೇ ಆಸರೆ ಕೊಟ್ಟಿದ್ದ. ವ್ಯಾನಿನೊಳಗೆ ಶವದ ಪಕ್ಕ ಕೂತು, ಕುಲುಕಾಟಕ್ಕೆ ಅಲುಗದಂತೆ ಅಪ್ಪನ ತಲೆಯನ್ನು ತೊಡೆಗೆ ಒತ್ತಿ ಹಿಡಿದುಕೊಂಡ.

ತಾನೂ ಹತ್ತಬೇಕೆಂದು ಅವಳು ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಮಗ ಒಮ್ಮೆ ಅವಳತ್ತ ನೋಡಿದ. ಆಮೇಲೆ ಕೈ ಚಾಚಿ ಬಾಗಿಲನ್ನು ಒಳಗಿನಿಂದ ಎಳೆದುಕೊಂಡ.

"ಅಮ್ಮಾ, ಕಾಲು!" ಎಂದು ಟೈಲರ್ ಕೂಗಿ ಅವಳನ್ನು ಹಿಂದಕ್ಕೆಳೆದ. ವ್ಯಾನು ಹೊರಟಿತು. ಅವಳ ಒಂದು ಚಪ್ಪಲಿ ಆ ಮೆಟ್ಟಿಲ ಮೇಲೆಯೇ ಉಳಿದು, ಬೀದಿಯ ತಿರುವಿನವರೆಗೂ ಕಾಣಿಸುತ್ತಿತ್ತು.