ಗಂಜಿಯ ನೂಲು

ಕಬ್ಬಿನ ಗರಿ ಗಾಜಿಗೆ ಸವರಿ ಹೋಯಿತು, ಮುಂದೆ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರಾಲಿ, ನಮ್ಮ ಬಸ್ಸಿನವ ಹಾರ್ನ್ ಒತ್ತುತ್ತಲೇ ಇದ್ದಾನೆ, ದಾರಿ ಬಿಡಲೊಲ್ಲ ಆ ಮಗ, ನಾನಾಗಿದ್ದರೆ ಇಳಿದು ಹೋಗಿ ಕಾಲರ್ ಹಿಡಿಯುತ್ತಿದ್ದೆ — ಸುವರ್ಣಾ ಹೊರಗೆ ನೋಡುತ್ತಿಲ್ಲ. ಕಿಟಕಿಯ ಕಡೆ ಕೂತು ಎಡಗೈ ಎದೆಯ ಮೇಲೆ ಇಟ್ಟುಕೊಂಡಿದ್ದಾಳೆ, ಸೆರಗಿನ ಒಳಗೆ, ಇಷ್ಟಲಿಂಗ ಇರುತ್ತಿದ್ದ ಜಾಗದಲ್ಲಿ. ಅಲ್ಲಿ ಲಿಂಗವಿಲ್ಲ. ನಾಲ್ಕು ದಿನವಾಯಿತು. ನಾಲ್ಕು ದಿನದಿಂದ ನನ್ನ ಹೆಂಡತಿ ಬರೀ ಎಳನೀರಿನ ಮೇಲೆ ಇದ್ದಾಳೆ, ಪೂಜೆಯಾಗದೆ ಬಾಯಿಗೆ ಅಗಳು ಹಾಕದವಳು, ಪೂಜೆಗೆ ಅಂಗೈಯಲ್ಲಿ ಇಟ್ಟುಕೊಳ್ಳಲು ಏನೂ ಇಲ್ಲ, ವಿಮಾನದಲ್ಲಿ ಕೊಟ್ಟ ಪೊಟ್ಟಣ ಹಾಗೇ ನನ್ನ ಕಡೆ ಸರಿಸಿದಳು, ಮುಂಜಾನೆ ಕೊಲ್ಹಾಪುರ ಸ್ಟೇಷನ್ನಿನಲ್ಲಿ ಇಳಿಯುವಾಗ ಕಾಲು ತೊಡರಿತು, ಇಚಲಕರಂಜಿಗೆ ಹೋಗೋಣ, ಮನೆಯಲ್ಲಿ ಸ್ವಲ್ಪ ಅಡ್ಡಾಗು ಎಂದರೆ ಇಲ್ಲರಿ, ಮೊದಲ ಗಡಹಿಂಗ್ಲಜ, ಮೊದಲ ಮಠ, ಸ್ವಾಮಿ ಅಜ್ಜಾರ ಮುಂದ ತಪ್ಪು ಒಪ್ಪಿಕೊಂಡು ಹೊಸಾ ಲಿಂಗಾ ಕಟ್ಟಿಸಿಕೊಂಡ ಮ್ಯಾಲನ ಅನ್ನ. ನಿನ್ನದೇನು ತಪ್ಪು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಚಹಾ ತಣ್ಣಗಿದೆ ಎಂದು ಕ್ಯಾಂಟೀನಿನವನ ಮೇಲೆ ಹರಿಹಾಯ್ದೆ.

ತಲೆಯ ಮೇಲಿನ ಹಲಗೆಯಲ್ಲಿ ಎರಡು ಬ್ಯಾಗು ಜೋಲಾಡುತ್ತಿವೆ, ನೀಲಿಯದು ನನ್ನದು, ಕೆಂಪು ಅವಳದು, ಬೆನ್ನಿಗೆ ಹಾಕುವಂಥವು, ಮಗಳು ಮಯೂರಿ ತಂದು ಕೊಟ್ಟಿದ್ದು, ನಾಕು ಮಗ್ಗಾ ಬಿಟ್ಟು ನೀ ಎಲ್ಲಿ ಹೋಗೀದಿ ಅಪ್ಪಾ, ಅವ್ವನ್ನ ಒಮ್ಮೆ ಸಮುದ್ರಕ್ಕ ಕರಕೊಂಡು ಹೋಗು, ಮಾಲವಣ, ಗೋವಾ, ಅಲ್ಲಿಂದ ಅಂಡಮಾನ್, ರೂಮು ಗೀಮು ಎಲ್ಲಾ ನಾ ನೋಡ್ತೀನಿ, ಸೂಟ್‌ಕೇಸ್ ಬ್ಯಾಡ, ದೋಣಿ ಹತ್ತಿ ಇಳಿಯೋದು ಭಾಳ ಇರತೈತಿ. ಬ್ಯಾಗು ಬೆನ್ನಿಗೇರಿಸಿ ಕನ್ನಡಿಯ ಮುಂದೆ ನಿಂತರೆ ಸುವರ್ಣಾ ಹಿಂದಿನಿಂದ ನಕ್ಕಳು, ದತ್ತವಾಡದ ಹೊಲದಾಗ ಕಬ್ಬಿಗೆ ಔಷಧ ಹೊಡ್ಯಾಕ ಹೊಂಟಂಗ ಕಾಣ್ತೀರಿ. ಅದೇ ಸಂಜೆ ಕೇಳಿದಳು, ರೀ, ಶಿವದಾರ ಸವದೈತಿ, ಪ್ಯಾಟ್ಯಾಗ ಒಂದು ಹೊಸಾದು ತರ್ರಿ, ನೀರಾಗ ಇಳಿಯೋದೈತಿ. ನಾನು ರೇಗಿದೆ. ಮನಿ ತುಂಬ ನೂಲು ಬಿದ್ದೈತಿ, ಲಿಂಗಕ್ಕ ಕಟ್ಟೋ ದಾರಾ ಕೊಂಡು ತರಬೇಕೇನು. ಮಗ್ಗದ ಬೀಮಿನಿಂದ, ಹಾಸು ನೂಲು ಸುತ್ತಿದ ಆ ಉರುಳೆಯಿಂದ, ಒಂಬತ್ತು ಎಳೆ ಎಳೆದೆ, ತೊಡೆಯ ಮೇಲೆ ಹೊಸೆದೆ, ಅವಳ ಮುಂದೆ ಎಸೆದೆ. ಕಟಗೋ. ಗಂಜಿ ಕುಡಿಸಿದ ನೂಲು ಅದು. ಮಗ್ಗದ ಏಟಿಗೆ ಹರಿಯದಿರಲೆಂದು ಬೀಮಿನ ನೂಲಿಗೆ ಗಂಜಿ ಕುಡಿಸುತ್ತೇವೆ, ಒಣಗಿದ್ದಾಗ ತಂತಿ, ನೀರಿಗೆ ಬಿದ್ದು ಗಂಜಿ ಬಿಟ್ಟಿತೋ ಒಳಗೆ ಉಳಿಯುವುದು ಬಡಕಲು ಹತ್ತಿ, ಕೂಸು ಜಗ್ಗಿದರೂ ಹರಿಯುತ್ತದೆ. ಮೂವತ್ತು ವರ್ಷ ನೂಲು ಹಿಡಿದ ಕೈ ನನ್ನದು. ಗೊತ್ತಿರಲಿಲ್ಲವೇ. ಗೊತ್ತಿತ್ತು, ಸಿಟ್ಟಿನಲ್ಲಿ ನೆನಪಾಗಲಿಲ್ಲ, ಆಮೇಲೆ ನೆನಪು ಮಾಡಿಕೊಳ್ಳಲೂ ಇಲ್ಲ.

ಮಾಲವಣದಲ್ಲಿ ಮೊದಲ ತೆರೆ ಮೊಳಕಾಲಿಗೆ ಬಡಿದಾಗ ನಾನು ಹುಡುಗರಂತೆ ಕೂಗಿದೆ, ಉಪ್ಪು ನೀರು ಮೂಗಿಗೆ ಹೋಗಿ ಕೆಮ್ಮಿದೆ, ನಕ್ಕೆ, ಅವಳು ಚೂಡಿದಾರದಲ್ಲಿ ನಿಂತಿದ್ದಳು, ಮದುವೆಯಾದ ಮೇಲೆ ಮೊದಲ ಸಲ, ಎಡಗೈ ಎದೆಗೆ ಒತ್ತಿಕೊಂಡು. ಗೋವಾದಲ್ಲೂ ಹಾಗೇ. ಅಂಡಮಾನಿನ ಹ್ಯಾವ್‌ಲಾಕಿನಲ್ಲೂ ಹಾಗೇ, ನೀರಿಗಿಳಿದರೆ ಸಾಕು ಆ ಕೈ ಎದೆಗೆ, ನಾಚಿಕೆ ಎಂದುಕೊಂಡೆ, ಏನು ಕಳವು ಮಾಡಿ ಮುಚ್ಚಿಟ್ಟೀದಿ ಎಂದು ಛೇಡಿಸಿದೆ. ನೀಲ್ ದ್ವೀಪದ ನೀರು ಗಾಜಿನಂತೆ, ಕಾಲ ಬುಡದಲ್ಲಿ ಮೀನು ಕಾಣುತ್ತಿತ್ತು, ದೋಣಿಯವ ಟ್ಯೂಬು ಕೊಟ್ಟ, ಎರಡೂ ಕೈಲಿ ಹಿಡಕೊಂಡರೆ ತೇಲುತ್ತೀರಿ ಎಂದು ಹಿಂದಿಯಲ್ಲಿ ಹೇಳಿದ, ಅವಳು ಒಂದೇ ಕೈಯಲ್ಲಿ ಹಿಡಿದು ಹೊರಳುತ್ತಿದ್ದಳು, ದಂಡೆಯ ಮೇಲಿನ ಜನ ನೋಡುತ್ತಿದ್ದರು, ನನಗೆ ನೆತ್ತಿಗೇರಿತು, ತೆಗಿ ಆ ಕೈ, ಎಂದೆ. ತಗೀತೀಯೋ ಇಲ್ಲೋ. ತೆಗೆದಳು. ತೇಲಿದಳು ಕೂಡ, ಎಷ್ಟು ಹೊತ್ತು, ಹತ್ತು ಎಣಿಸುವಷ್ಟು, ಮುಖ ಆಕಾಶಕ್ಕೆ ಮಾಡಿ — ಆಮೇಲೆ ಕೈ ಮತ್ತೆ ಎದೆಗೆ ಹೋಯಿತು, ಕೊರಳಿಗೆ ಹೋಯಿತು, ಕೂಗಲೂ ಇಲ್ಲ ಅವಳು. ಬೆಳ್ಳಿಯ ಕರಡಿಗೆಯ ಸಮೇತ ಲಿಂಗ ಹೋಗಿತ್ತು. ಸಂಜೆಯವರೆಗೆ ದೋಣಿಯವನೂ ನಾನೂ ಮರಳು ಬಾಚಿದೆವು. ಕೊರಳಿಗೆ ಅಂಟಿದ್ದ ದಾರದ ತುಂಡನ್ನು ಬೆರಳಲ್ಲಿ ತಿಕ್ಕಿ ನೋಡಿದೆ, ಗಂಜಿ ಒಂದಿಷ್ಟೂ ಇಲ್ಲ, ಹಿಂಜಿದ ಅರಳೆ, ಯಾರಿಗೂ ಕಾಣದಂತೆ ನೀರಿಗೆ ಎಸೆದೆ. ತಪ್ಪು ನಂದರಿ, ಎಂದಳು. ಚೂಡಿದಾರ ಹಾಕಿಕೊಂಡು ನೀರಲ್ಲಿ ಆಡಿದ್ದಕ್ಕೆ ಶಿವ ಮುನಿದ ಎಂದು ತಿಳಿದಿದ್ದಾಳೆ, ತಿಳಿಯಲಿ ಬಿಡು ಎಂದುಕೊಂಡೆ. ರೈಲಿನಲ್ಲಿ ಹೇಳಿದಳು, ಅಜ್ಜಾರ ಮುಂದ ಆಣಿ ಮಾಡತೇನಿ, ಇನ್ನ ಮನಿ ಹೊಸ್ತಿಲಾ ದಾಟಿ ಎಲ್ಲೂ ಹೋಗಂಗಿಲ್ಲ. ಕಳಿಸಿದ ಫೋಟೋ ಎಲ್ಲ ತೆಗೆದುಹಾಕು ಎಂದು ಮಯೂರಿಗೆ ಫೋನು ಮಾಡಿದಳು, ದೋಣಿಯವ ತೆಗೆದ, ತಾನು ತೇಲಿದ ಫೋಟೋ ಮೊದಲು.

ನಿಪ್ಪಾಣಿ ಆಗಲೇ ಹಿಂದಾಯಿತು. ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಅವಳ ತಮ್ಮ ಮಲ್ಲಿನಾಥ ಕಾಯುತ್ತಿರುತ್ತಾನೆ, ಅಲ್ಲಿಂದ ನೇರ ಮಠ, ಅಜ್ಜಾರು ಕೇಳುತ್ತಾರೆ, ಹೆಂಗ ಹೋತವ್ವ ಲಿಂಗ, ಅವಳು ನಂದ ತಪ್ಪು ಎನ್ನುತ್ತಾಳೆ, ಆಣೆ ಮಾಡುತ್ತಾಳೆ, ಮಾಡಿದರೆ ಮುಗಿಯಿತು, ಸುವರ್ಣಾ ಆಣೆ ಮುರಿಯುವವಳಲ್ಲ. ಜಗತ್ತಿಗೆಲ್ಲ ಬೈಯುವ ನಾಲಿಗೆ. ಹೇಳಿಬಿಟ್ಟೆ. ನಾ ಕೊಟ್ಟಿದ್ದು ಗಂಜಿ ನೂಲು, ಸುವರ್ಣಾ, ನೀರಾಗ ನಿಲ್ಲಂಗಿಲ್ಲ ಅಂತ ನನಗ ಗೊತ್ತಿತ್ತು. ಅವಳು ತಿರುಗಲಿಲ್ಲ, ಕಿಟಕಿಗೇ ಹೇಳಿದಳು, ನನಗೂ ಮಾಲವಣದಾಗನ ಗೊತ್ತಾತ್ರಿ, ಮೊದಲನೇ ಜಳಕದಾಗ ಗಂಜಿ ಬಿಟ್ಟು ಬೆರಳಿಗೆ ಅಂಟಾಕತ್ತು, ಇಪ್ಪತ್ತು ವರ್ಷ ನಿಮ್ಮ ಮಗ್ಗಕ್ಕ ಕಂಡಿಕಿಗೆ ನೂಲು ಸುತ್ತೀನಿ, ನೂಲು ತಿಳಿಯಂಗಿಲ್ಲೇನು ನನಗ. ಮತ್ತ ಬ್ಯಾರೆ ದಾರಾ ಯಾಕ ಕಟಗೊಳ್ಳಲಿಲ್ಲ, ಎಂದೆ. ಕಟಗೊಂಡಿದ್ರ ನಿಮಗ ಕಾಣತಿತ್ತು, ಎಂದಳು, ನಾ ಕೊಟ್ಟದ್ದು ಸಾಲಲಿಲ್ಲೇನು ಅಂತ ಒದರತಿದ್ರಿ, ಅಲ್ಲಿ ನೀವು ನಗಾಕತ್ತಿದ್ರಿ, ಎಷ್ಟು ವರ್ಷಕ್ಕ ನಕ್ಕಿದ್ರಿ, ಅದನ್ಯಾಕ ಕೆಡಸಲಿ, ಕೈಲೆ ಹಿಡಕೊಂಡ್ರ ಸಾಕು ಅಂದುಕೊಂಡೆ. ಗೊತ್ತಿದ್ದೂ ಅದನ್ನ ಇಟಗೊಂಡೆ ನೋಡ್ರಿ, ಅದಕ್ಕ ತಪ್ಪು ನಂದ.

ಬಸ್ಸು ನಿಂತಿದೆ. ಚಲಾ, ಗಡಹಿಂಗ್ಲಜ, ಎನ್ನುತ್ತಾನೆ ಕಂಡಕ್ಟರ್. ಹೊರಗೆ ಮಲ್ಲಿನಾಥ ಗಾಜು ತಟ್ಟುತ್ತಾನೆ, ಅವಳು ಎದ್ದು ನಿಂತಿದ್ದಾಳೆ, ನನ್ನ ಕಾಲು ಸರಿಯಲೆಂದು ಕಾಯುತ್ತಿದ್ದಾಳೆ, ಸರಿಸಬೇಕು, ಏಳಬೇಕು, ಬ್ಯಾಗು ಇಳಿಸಬೇಕು — ಗಾಜಿನಂಥ ನೀರು, ತೆಗಿ ಆ ಕೈ, ಒದರಿದೆನಲ್ಲ, ತೆಗೆಯುವ ಮೊದಲು ಒಮ್ಮೆ ನನ್ನ ಮುಖ ನೋಡಿದಳು, ನೋಡಿದ್ದಳು, ನಾನು ದಂಡೆಯ ಜನರನ್ನು ನೋಡುತ್ತಿದ್ದೆ, ಒಂದೊಂದೇ ಬೆರಳು, ಎದೆಯಿಂದ, ಬಿಡಿಸಿ, ತೆಗೆದಳು.