ಯಾವ ಪಾಸ್ಖಾಲಿಸ್?

ರೋಟುಂಡಾ ಎಂಬ ಪುರಾತನ ಚರ್ಚಿನ ಗುಮ್ಮಟದ ಕೆಳಗೆ ನಿಂತು ಪ್ರವಾಸಿಗರಿಗೆ ಚಿನ್ನದ ಹರಳುಚಿತ್ರಗಳನ್ನು ತೋರಿಸುತ್ತಿದ್ದಾಗ ಅತ್ತೆಯ ಫೋನು ಬಂತು. ಕೆಲಸದ ಹೊತ್ತಿನಲ್ಲಿ ನಾನು ಫೋನು ಎತ್ತುವವಳಲ್ಲ. ಆದರೆ ಅವತ್ತು ಶಾಲೆಗೆ ರಜೆ, ಮಗ ಅಜ್ಜಿಯ ಮನೆಯಲ್ಲಿದ್ದ. ಎತ್ತಿದೆ.

"ಎವಾಂಥಿಯಾ, ಪಾಸ್ಖಾಲಿಸ್ ಬಿದ್ದುಬಿಟ್ಟ ಕಣೇ! ಕೋಟೆಗೋಡೆ ಮೇಲಿಂದ! ಮಾತೇ ಆಡ್ತಿಲ್ಲ, ಬೇಗ ಬಾ!"

"ಯಾವ ಪಾಸ್ಖಾಲಿಸ್? ಅತ್ತೆ, ಯಾವನು?"

ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರೆ ಬೇರೆ ಯಾರೊಂದಿಗೋ ಮಾತಾಡುತ್ತಿದ್ದರು.

ನನ್ನ ಮಗ ಪಾಸ್ಖಾಲಿಸ್. ನನ್ನ ವಾರಗಿತ್ತಿ ದೋಮ್ನಾಳ ಮಗನೂ ಪಾಸ್ಖಾಲಿಸ್. ಮೊಮ್ಮಗನಿಗೆ ಅಜ್ಜನ ಹೆಸರಿಡದಿದ್ದರೆ ನಮ್ಮ ಕಡೆ ಅಜ್ಜಂದಿರು ಊಟ ಬಿಟ್ಟು ಕೂರುತ್ತಾರೆ. ದೋಮ್ನಾ ಹಿರಿಯ ಸೊಸೆ, ಆ ಹೆಸರು ತನ್ನ ಮಗನ ಹಕ್ಕು ಅನ್ನುವವಳು. ಆದರೆ ಮೊದಲು ಹೆತ್ತವಳು ನಾನು, ಮೊದಲು ಹೆಸರಿಟ್ಟವಳೂ ನಾನು. ಅವಳು ಹಟಕ್ಕೆ ಬಿದ್ದು ತನ್ನವನಿಗೂ ಅದನ್ನೇ ಇಟ್ಟಳು. ಅಲ್ಲಿಂದ ನಮಗೆ ಮಾತುಕತೆ ಇಲ್ಲ. ಅತ್ತೆ ಅಂಗಳದಲ್ಲಿ ನಿಂತು ಹೆಸರು ಕೂಗಿದರೆ, ಊಟಕ್ಕಾದರೆ ಇಬ್ಬರೂ ಓಡಿ ಬರುತ್ತಾರೆ, ಕೆಲಸಕ್ಕಾದರೆ ಒಬ್ಬನೂ ಇಲ್ಲ.

"ಮೇಲಿನ ಊರಿಗೆ ಹೋಗೋಣ ಬನ್ನಿ," ಎಂದು ಗುಂಪಿಗೆ ಹೇಳಿ ಹೊರಟೇಬಿಟ್ಟೆ. ಅತ್ತೆಯ ಮನೆ ಅಲ್ಲೇ, ಕೋಟೆಗೋಡೆಯ ಪಕ್ಕದಲ್ಲಿ. ಗುಂಪನ್ನು ಬಿಟ್ಟು ಓಡಬೇಕಿತ್ತು, ಅದು ಹೊಳೆಯಲಿಲ್ಲ. ಜರ್ಮನಿಯ ನಿವೃತ್ತ ಮೇಷ್ಟ್ರುಗಳು, ಪಾಪ, ಇದೂ ಪ್ರವಾಸದ ಭಾಗ ಅಂದುಕೊಂಡು ಏದುಸಿರು ಬಿಡುತ್ತ ಹಿಂದೆಯೇ ಬಂದರು.

ಥೆಸಲೋನಿಕಿಯ ಆ ಏರು ದಾರಿಯನ್ನು ನಾನು ಕಣ್ಣು ಮುಚ್ಚಿ ಹತ್ತಬಲ್ಲೆ. ಅವತ್ತು ಕಾಲು ಎಡವುತ್ತಲೇ ಇತ್ತು. ಹಳೆಯ ಮರದ ಮನೆಗಳ ಮಾಳಿಗೆಗಳು ದಾರಿಯ ಮೇಲೆ ಬಾಗಿಕೊಂಡು, ನನಗೆ ಆಕಾಶವೇ ಇಲ್ಲದಂತಾಗಿತ್ತು. ಕೆಟ್ಟದ್ದು ತಟ್ಟದಿರಲಿ ಎಂದು ಎದೆಗೆ ಮೂರು ಸಲ ಥೂ ಥೂ ಥೂ ಎಂದು ಉಗಿದುಕೊಂಡೆ.

"ಮೇಡಂ, ಈ ಕಾರಂಜಿ ಯಾವ ಕಾಲದ್ದು?" ಬಿಳಿ ಟೋಪಿಯ ಮೇಷ್ಟ್ರು ಹಿಂದಿನಿಂದ ಕೇಳಿದರು.

"ತುರ್ಕರ ಕಾಲದ್ದು."

"ನೀರು ಕುಡಿಯಬಹುದಾ?"

"ಕುಡಿದು ಅಲ್ಲೇ ಇರಿ!" ಎಂದು ಕಿರುಚಿದೆ. ಅವರು ಕುಡಿಯಲಿಲ್ಲ, ಹಿಂದೆಯೇ ಬಂದರು.

ಸಂತ ನಿಕೋಲಾಸನ ಸಣ್ಣ ಚರ್ಚಿನ ಮುಂದೆ ನಿಲ್ಲಲು ಪುರುಸೊತ್ತಿರಲಿಲ್ಲ. ನಡೆಯುತ್ತಲೇ ಶಿಲುಬೆಯ ಗುರುತು ಮಾಡಿಕೊಂಡೆ. ದೇವಮಾತೆಯೇ, ನನ್ನ ಮಗನಷ್ಟೇ ಎತ್ತರದ ಮೇಣದ ಬತ್ತಿ ಹಚ್ಚುತ್ತೇನೆ, ಅವನಿಗೆ ಏನೂ ಆಗದಿರಲಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಿದ್ದವನು ಇನ್ನೊಬ್ಬ ಪಾಸ್ಖಾಲಿಸ್ ಆಗಿರಲಿ ಎಂದೂ ಬೇಡಿದೆ. ಬಾಯಿಬಿಟ್ಟೇ ಬೇಡಿದೆ. ಒಂದು ಬೆಕ್ಕು ಮೆಟ್ಟಿಲ ಮೇಲಿಂದ ನನ್ನನ್ನೇ ನೋಡುತ್ತಿತ್ತು, ನನಗೆ ಅದರ ಮೇಲೂ ಸಿಟ್ಟು ಬಂತು.

ಬೇಕರಿಯ ತಿರುವಿನಲ್ಲಿ ದೋಮ್ನಾ ಎದುರಾದಳು. ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಿದ್ದಳು, ಕಾಲಲ್ಲಿ ಒಂದೇ ಚಪ್ಪಲಿ. ನನ್ನನ್ನು ನೋಡಿ ಗಕ್ಕನೆ ನಿಂತಳು. ಇಷ್ಟು ವರ್ಷಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ನಿನ್ನವನಾ, ನನ್ನವನಾ?"

"ಗೊತ್ತಿಲ್ಲ. ನಿಂಗೇನಂದ್ರು?"

"ಪಾಸ್ಖಾಲಿಸ್ ಅಂದ್ರು. ಅಷ್ಟೇ."

ಅವಳ ಕಣ್ಣು ನೋಡಿದೆ. ಅವಳು ಏನು ಬೇಡಿಕೊಂಡು ಬಂದಿದ್ದಾಳೆ ಅನ್ನುವುದು ನನಗೆ ಗೊತ್ತಾಯಿತು. ನನ್ನದು ಅವಳಿಗೂ ಗೊತ್ತಾಗಿರಬೇಕು. ಅಲ್ಲಿಯವರೆಗೂ ನನಗಿದ್ದದ್ದು ಹೆದರಿಕೆ. ಆಮೇಲೆ ಮೈಯೆಲ್ಲ ತಣ್ಣಗಾಯಿತು, ಏಕೆಂದರೆ ಇಬ್ಬರಲ್ಲಿ ಒಬ್ಬಳ ಬೇಡಿಕೆ ಈಡೇರಲೇಬೇಕಿತ್ತು. ನಾನು ಅವಳ ಕೈ ಹಿಡಿದೆನೋ, ಅವಳೇ ನನ್ನ ಕೈ ಹಿಡಿದಳೋ. ಉಗುರು ಚುಚ್ಚುವಷ್ಟು ಬಿಗಿಯಾಗಿ ಹಿಡಿದುಕೊಂಡು ಉಳಿದ ಏರನ್ನು ಹತ್ತಿದೆವು. ಕೆಳಗೆಲ್ಲೋ ಆಂಬುಲೆನ್ಸ್ ಕೂಗುತ್ತಿತ್ತು. ಆ ಓಣಿಗಳಲ್ಲಿ ಅದು ಮೇಲೆ ಬರುವುದುಂಟೇ?

ಕೋಟೆಗೋಡೆಯ ಬುಡದಲ್ಲಿ, ಅಂಜೂರದ ಗಿಡದ ಹತ್ತಿರ ಜನ ಸೇರಿದ್ದರು. ಯಾರೋ "ಅಳ್ಳಾಡಿಸ್ಬೇಡಿ, ಅಳ್ಳಾಡಿಸ್ಬೇಡಿ" ಅನ್ನುತ್ತಿದ್ದರು. ಜನರ ಕಾಲುಗಳ ನಡುವೆ ನೆಲದ ಮೇಲೆ ಒಂದು ಕೆಂಪು ಚೆಂಡು ಕಂಡಿತು. ಅದು ನಾನು ಕೊಡಿಸಿದ ಚೆಂಡು.

"ಅಮ್ಮಾ."

ಮಗ ಗಿಡದ ಪಕ್ಕದಲ್ಲೇ ನಿಂತಿದ್ದ. ಅವನ ಅಂಗಿ ಹಿಡಿದುಕೊಂಡು ದೋಮ್ನಾಳ ಮಗ. ಇಬ್ಬರ ಮುಖವೂ ಸುಣ್ಣದಂತಿತ್ತು, ಆದರೆ ಇಬ್ಬರೂ ನೆಟ್ಟಗೆ ನಿಂತಿದ್ದರು. ನಾನು ಅವನ ತಲೆ, ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದೆ, ಮುತ್ತಿಟ್ಟೆ, ಕೆನ್ನೆಗೊಂದು ಬಾರಿಸಿದೆ. ಪಕ್ಕದಲ್ಲಿ ದೋಮ್ನಾ ಅಳುತ್ತ ನಗುತ್ತಿದ್ದಳು. ನನಗೂ ನಗು ಬಂತು. ಏನು ಹಗುರ! ಇಬ್ಬರೂ ಇದ್ದಾರೆ, ಯಾರ ಬೇಡಿಕೆಯೂ ಈಡೇರಲಿಲ್ಲ. ನಗುತ್ತಲೇ ಕೇಳಿದೆ, "ಹಾಗಾದ್ರೆ ಬಿದ್ದದ್ದು ಯಾರೋ?"

"ಚೆಂಡು ಗೋಡೆ ಮೇಲೆ ಸಿಕ್ಕಾಕೊಂಡಿತ್ತಮ್ಮಾ. ನಾವು ಹತ್ತೋಕೆ ಹೋದ್ವಿ. ನೀವು ಬೇಡ, ಬೀಳ್ತೀರಿ ಅಂತ ಅಜ್ಜ..." ಅವನು ಜನರ ಗುಂಪಿನ ಕಡೆ ಕೈ ತೋರಿಸಿದ.

ಜನರನ್ನು ತಳ್ಳಿಕೊಂಡು ಒಳಗೆ ಹೋದೆವು. ಮಾವ ಅಂಗಾತ ಮಲಗಿದ್ದರು. ಅತ್ತೆ ನೆಲದಲ್ಲಿ ಕೂತು ಅವರ ಮುಖದ ಮೇಲೆ ಬಾಗಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆ ಗಂಡನನ್ನು ಕರೆಯುತ್ತಿದ್ದದ್ದು ಒಂದೇ ರೀತಿ. "ಏ ಮುದುಕಾ, ಕಾಫಿ ಆರಿಹೋಯ್ತು." "ಮುದುಕಾ, ಟೋಪಿ ಹಾಕ್ಕೊಂಡು ಹೋಗು." ಮಾವನಿಗೂ ಒಂದು ಹೆಸರಿದೆ, ನಾವು ಕಿತ್ತಾಡಿದ್ದು ಅದಕ್ಕೇ ಅನ್ನುವುದು ನಮ್ಮಿಬ್ಬರಿಗೂ ದಾರಿಯುದ್ದಕ್ಕೂ ನೆನಪಾಗಿರಲಿಲ್ಲ. ನನ್ನ ನಗು ಇನ್ನೂ ಮುಖದ ಮೇಲೆ ಅಂಟಿಕೊಂಡೇ ಇತ್ತು. ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಹಿಂದೆ ಮೇಷ್ಟ್ರುಗಳು ಬಂದು ಸೇರಿದ್ದರು. ಬಿಳಿ ಟೋಪಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಪಾಸ್ಖಾಲಿಸ್," ಎಂದು ಅತ್ತೆ ಮೆಲ್ಲಗೆ ಕರೆದರು. ಆಮೇಲೆ ಜೋರಾಗಿ, "ಪಾಸ್ಖಾಲಿಸ್!"

"ಏನಜ್ಜೀ?" ಎಂದರು ಇಬ್ಬರು ಹುಡುಗರೂ ಒಟ್ಟಿಗೆ.

ಅತ್ತೆ ತಲೆ ಎತ್ತಲಿಲ್ಲ.

"ನಿಮ್ಮನ್ನಲ್ಲ ಮಕ್ಳೇ," ಅಂದರು. "ನೀವು ಸುಮ್ನಿರಿ. ಅವನು ಓಗೊಟ್ರೆ ನಂಗೆ ಕೇಳಿಸ್ಬೇಕು."